ಗಾಯ ಹೇಳುವುದೆಷ್ಟು, ವೈದ್ಯರು ಹೇಳಬೇಕಾದ್ದೆಷ್ಟು?

ಅಮೆರಿಕದ ಟೆಕ್ಸಾಸ್‌ನಲ್ಲಿ ರಾಬರ್ಟ್ ರಾಬರ್ಸನ್ ಎಂಬ ಕೈದಿಯ ಮರಣದಂಡನೆಗೆ ದಿನ ಗೊತ್ತಾಗುವುದು, ಇನ್ನೇನು ಆಯಿತು ಎನ್ನುವಾಗ ಅದು ನಿಲ್ಲುವುದು ಮೂರು ಸಲ ನಡೆದಿದೆ: 2016ರಲ್ಲಿ ಒಮ್ಮೆ, 2024ರ ಅಕ್ಟೋಬರ್ 17ರ ರಾತ್ರಿ ಒಮ್ಮೆ, 2025ರ ಅಕ್ಟೋಬರ್ 9ರಂದು ಮತ್ತೊಮ್ಮೆ. ಎರಡು ವರ್ಷದ ಮಗಳನ್ನು ಜೋರಾಗಿ ಅಲುಗಾಡಿಸಿ, ಹೊಡೆದು ಕೊಂದ ಎಂದು 2003ರಲ್ಲಿ ಅವನಿಗೆ ಶಿಕ್ಷೆಯಾಗಿತ್ತು. ಅವನೇ ಕೊಂದ ಎಂಬ ಮಾತಿಗೇ ಸರ್ಕಾರಿ ವಕೀಲರು ಇಂದಿಗೂ ನಿಂತಿದ್ದಾರೆ. ಆರೋಪಿಯ ಪರವಾಗಿ ಬಂದ ವೈದ್ಯರು ಮಾತ್ರ, ಮಗುವಿಗೆ ತೀವ್ರ ನ್ಯುಮೋನಿಯಾ ಇತ್ತು, ಕೊಟ್ಟಿದ್ದ ಔಷಧಿ ಉಸಿರಾಟವನ್ನು ಇನ್ನಷ್ಟು ಕುಗ್ಗಿಸಿತು, ಸಾವಿಗೆ ಅದೇ ಕಾರಣ ಎನ್ನುತ್ತಾರೆ.

ಸುದ್ದಿ ಓದಿದವರು ತಬ್ಬಿಬ್ಬಾಗುವುದು ಸಹಜ. ಮಗು ಒಂದೇ, ಸ್ಕ್ಯಾನ್ ಒಂದೇ, ಮರಣೋತ್ತರ ಪರೀಕ್ಷೆಯ ವರದಿಯೂ ಒಂದೇ. ಒಬ್ಬ ಡಾಕ್ಟರು ಕೊಲೆ ಎಂದರೆ ಇನ್ನೊಬ್ಬ ಡಾಕ್ಟರು ಕಾಯಿಲೆ ಎನ್ನುವುದು ಹೇಗೆ? ಇವರಲ್ಲಿ ಯಾರು ತಜ್ಞರು? ಆ ತಜ್ಞತೆ ಎಲ್ಲಿಂದ ಬಂತು?

‘ವಿಜ್ಞಾನ ಬದಲಾಯಿತು’ ಎಂಬ ಒಂದು ಸಾಲಿನ ಉತ್ತರ ಇದಕ್ಕೆ ಸಾಲದು. ಗಾಯ ಹೇಗೆ ಆಗಿರಬಹುದು ಎಂಬುದು ವೈದ್ಯಕೀಯದ ಪ್ರಶ್ನೆ. ಯಾರು ಮಾಡಿದರು, ಬೇಕೆಂದೇ ಮಾಡಿದರೇ ಎಂಬುದು ಪೊಲೀಸರ ಮತ್ತು ನ್ಯಾಯಾಲಯದ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಹೊಂದಿಸಿಬಿಟ್ಟಾಗ ಅನರ್ಥ ಶುರುವಾಗುತ್ತದೆ. ಈ ಕ್ಷೇತ್ರದ ತರಬೇತಿಯ ಕಠಿಣ ಭಾಗವೂ ಅದೇ: ಎಲ್ಲಿ ಮಾತು ನಿಲ್ಲಿಸಬೇಕು ಎಂಬುದನ್ನು ಕಲಿಯುವುದು.

ಎಕ್ಸ್-ರೇಗೆ ಕಂಡಿತು, ಯಾರೂ ಕೇಳಲಿಲ್ಲ

ಮಕ್ಕಳ ಮೇಲಿನ ದೌರ್ಜನ್ಯ ಹಳೆಯದು, ಅದನ್ನು ವೈದ್ಯರು ಗುರುತಿಸತೊಡಗಿದ್ದು ತೀರ ಹೊಸದು. ಫ್ರಾನ್ಸಿನ ವಿಧಿವಿಜ್ಞಾನ ವೈದ್ಯ ಆಂಬ್ರಾಯ್ಸ್ ತಾರ್ಡ್ಯೂ 1860ರಲ್ಲೇ 32 ಮಕ್ಕಳ ಪ್ರಕರಣಗಳನ್ನು ದಾಖಲಿಸಿದ್ದ. ವೈದ್ಯಲೋಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1946ರಲ್ಲಿ ಅಮೆರಿಕದ ಎಕ್ಸ್-ರೇ ತಜ್ಞ ಜಾನ್ ಕ್ಯಾಫಿ ಆರು ಹಸುಗೂಸುಗಳ ವಿಚಿತ್ರ ಸ್ಥಿತಿಯನ್ನು ವಿವರಿಸಿದರು. ಆರಕ್ಕೂ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಕಟ್ಟಿತ್ತು. ಆರರಲ್ಲೂ ಸೇರಿ ಕೈಕಾಲಿನ ಉದ್ದ ಮೂಳೆಗಳಲ್ಲಿ 23 ಮುರಿತ. ಮನೆಯವರನ್ನು ಕೇಳಿದರೆ ಬಿದ್ದ ನೆನಪಿಲ್ಲ. ಕ್ಯಾಫಿ ಸಂಶಯವನ್ನು ಎಲ್ಲೋ ಒಂದು ಮೂಲೆಯಲ್ಲಿ ಇಟ್ಟು ಸುಮ್ಮನಾದರು. ಮೂಳೆ ಮುರಿದದ್ದು ಎಕ್ಸ್-ರೇಗೆ ಕಂಡಿತ್ತು, ಮುರಿದವರಾರು ಎಂದು ಕೇಳುವುದು ಆಗಿನ ವೈದ್ಯರ ಶಿಷ್ಟಾಚಾರದಲ್ಲಿರಲಿಲ್ಲ.

ಆ ಶಿಷ್ಟಾಚಾರ ಮುರಿದದ್ದು 1962ರಲ್ಲಿ, ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರ ಲೇಖನದಿಂದ. 71 ಆಸ್ಪತ್ರೆಗಳನ್ನು ವಿಚಾರಿಸಿದಾಗ ಒಂದೇ ವರ್ಷದಲ್ಲಿ 302 ಮಕ್ಕಳ ಪ್ರಕರಣ ಸಿಕ್ಕಿತ್ತು. ಅವರಲ್ಲಿ 33 ಮಕ್ಕಳು ಸತ್ತಿದ್ದರು, 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. ದೇಶವೇ ಬೆಚ್ಚಿತು. ಐದಾರು ವರ್ಷದೊಳಗೆ ಅಲ್ಲಿನ ಎಲ್ಲ ರಾಜ್ಯಗಳೂ ಕಾನೂನು ಮಾಡಿದವು: ಅನುಮಾನ ಬಂದರೆ ವೈದ್ಯರು ವರದಿ ಮಾಡಲೇಬೇಕು. ಇಂಥ ಕಾನೂನು ಮುಂದೆ ಹಲವು ದೇಶಗಳಿಗೆ ಹಬ್ಬಿತು.

ಈ ಕಾನೂನಿನ ರಚನೆಯನ್ನು ಗಮನಿಸಬೇಕು. ವರದಿ ಮಾಡಲು ಖಚಿತತೆ ಬೇಡ, ಸಕಾರಣವಾದ ಅನುಮಾನ ಸಾಕು. ಒಳ್ಳೆಯ ಉದ್ದೇಶದಿಂದ ವರದಿ ಮಾಡಿ ಅದು ತಪ್ಪಾದರೆ ವೈದ್ಯರಿಗೆ ರಕ್ಷಣೆ ಇದೆ. ಮಾಡದೇ ಬಿಟ್ಟರೆ ಶಿಕ್ಷೆ ಇದೆ. ಮಗುವಿನ ಜೀವ ಉಳಿಸಲು ತಕ್ಕಡಿಯನ್ನು ಬೇಕೆಂದೇ ಒಂದು ಕಡೆ ವಾಲಿಸಿಟ್ಟಿದ್ದಾರೆ, ಅದು ಸರಿಯಾದದ್ದೇ. ಅದರ ಪರಿಣಾಮವಾಗಿ, ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಅರ್ಧ ಗಂಟೆ ಮಗುವನ್ನು ನೋಡಿದ ಡಾಕ್ಟರ ಅನುಮಾನವನ್ನು ಆಮೇಲೆ ನಿಧಾನವಾಗಿ ಒರೆಗೆ ಹಚ್ಚುವವರು ಬೇಕಾದರು. ಆ ಕೆಲಸಕ್ಕೆಂದೇ ಹುಟ್ಟಿದ್ದು ಮಕ್ಕಳ ದೌರ್ಜನ್ಯ ವೈದ್ಯಶಾಸ್ತ್ರ. ಅಮೆರಿಕದಲ್ಲಿ ಅದಕ್ಕೆ ಪ್ರತ್ಯೇಕ ಉಪಶಾಖೆಯ ಮಾನ್ಯತೆ ಸಿಕ್ಕಿದ್ದು 2006ರಲ್ಲಿ, ಮೊದಲ ಅರ್ಹತಾ ಪರೀಕ್ಷೆ ನಡೆದದ್ದು 2009ರಲ್ಲಿ. ಅಂದರೆ ರಾಬರ್ಸನ್‌ನ ವಿಚಾರಣೆ ನಡೆದಾಗ ಈ ಶಾಖೆಯ ಪ್ರಮಾಣಪತ್ರ ಎಂಬುದೇ ಇರಲಿಲ್ಲ.

ಕಿವಿಯ ಮೇಲೊಂದು ನೀಲಿ ಕಲೆ

ಕೆಲಸ ನಡೆಯುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ನಾಲ್ಕು ತಿಂಗಳ ಮಗುವನ್ನು ಕೆಮ್ಮು ಎಂದು ಕರೆತಂದಿದ್ದಾರೆ. ಎದೆಗೆ ಸ್ಟೆತಸ್ಕೋಪ್ ಇಡಲು ಬಟ್ಟೆ ಸರಿಸುವಾಗ, ಕಿವಿಯ ಮೇಲಂಚಿನಲ್ಲಿ ಕಾಳಿನಷ್ಟು ದೊಡ್ಡ ನೀಲಿಗಟ್ಟಿದ ಕಲೆ ಕಾಣುತ್ತದೆ. ಮಗು ನಗುತ್ತಿದೆ. ತಾಯಿಗೆ ಅದು ಗೊತ್ತೇ ಇಲ್ಲ, ಅಥವಾ ಆಟಿಕೆ ತಾಗಿರಬೇಕು ಎನ್ನುತ್ತಾಳೆ. ತರಬೇತಿಯಿಲ್ಲದ ಕಣ್ಣು ಕೆಮ್ಮಿಗೆ ಸಿರಪ್ ಬರೆದು ಕಳಿಸುತ್ತದೆ. ತರಬೇತಾದ ಕಣ್ಣು ಅಲ್ಲೇ ನಿಲ್ಲುತ್ತದೆ.

ಯಾಕೆ? ಮೊಣಕಾಲು, ಮೊಣಕಾಲಿನ ಕೆಳಗಿನ ಮೂಳೆ, ಹಣೆ ಇವೆಲ್ಲ ನಡೆಯುವ ಮಗು ಬಿದ್ದಾಗ ಮೊದಲು ತಗಲುವ ಜಾಗಗಳು. ಅಲ್ಲಿ ಕಲೆ ಇರುವುದೇ ಬಾಲ್ಯ. ಇನ್ನೂ ಮಗುಚಲೂ ಬಾರದ ಕೂಸು ತನಗೆ ತಾನೇ ಪೆಟ್ಟು ಮಾಡಿಕೊಳ್ಳುವುದು ಎಲ್ಲಿಂದ? 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಆರೋಗ್ಯ ತಪಾಸಣೆಗೆ ಬಂದ 973 ಮಕ್ಕಳ ಮೈಯನ್ನು ನೋಡಿತು. ಆರು ತಿಂಗಳೊಳಗಿನ 366 ಕೂಸುಗಳಲ್ಲಿ ಕಲೆ ಇದ್ದದ್ದು ಎರಡಕ್ಕೆ. ಗೋಡೆ ಹಿಡಿದು ನಡೆಯುವವರಲ್ಲಿ ನೂರಕ್ಕೆ ಸುಮಾರು 18 ಮಕ್ಕಳಿಗೆ. ಸ್ವತಂತ್ರವಾಗಿ ನಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ. ಕಲೆ ಅದೇ, ಮಗುವಿನ ವಯಸ್ಸು ಬದಲಾದರೆ ಅರ್ಥ ಬದಲು.

ಇದೇ ದಾರಿಯಲ್ಲಿ ಮುಂದುವರಿದು ‘ಟೆನ್-ಫೋರ್’ ಎಂಬ ನಿಯಮ ಬಂತು. 2021ರಲ್ಲಿ ಪ್ರಕಟವಾದ ಅದರ ಪರಿಷ್ಕೃತ ರೂಪವನ್ನು ನಾಲ್ಕು ವರ್ಷದೊಳಗಿನ 2,123 ಮಕ್ಕಳಲ್ಲಿ ಪರೀಕ್ಷಿಸಲಾಗಿದೆ. ನಾಲ್ಕು ವರ್ಷದೊಳಗಿನ ಮಗುವಿನ ಮುಂಡ, ಕಿವಿ, ಕುತ್ತಿಗೆಯ ಮೇಲೆ ಕಲೆ ಇದ್ದರೆ, ನಾಲ್ಕು ತಿಂಗಳು ಮತ್ತು ಅದರೊಳಗಿನ ಕೂಸಿನ ಮೈಯ ಯಾವುದೇ ಭಾಗದಲ್ಲಿ ಕಲೆ ಇದ್ದರೆ, ಮೇಲ್ದುಟಿಯ ಒಳಗಿನ ತೆಳು ಪಟ್ಟಿ ಹರಿದಿದ್ದರೆ, ಕೆನ್ನೆ, ದವಡೆಯ ಮೂಲೆ, ಕಣ್ಣುರೆಪ್ಪೆ ಕಂದಿದ್ದರೆ, ಕಣ್ಣಿನ ಬಿಳಿಭಾಗದಲ್ಲಿ ರಕ್ತ ಕಂಡರೆ, ಬೆರಳಚ್ಚೋ ಬೆಲ್ಟಿನ ಆಕಾರವೋ ಮೂಡಿದ್ದರೆ ಮುಂದಿನ ಪರೀಕ್ಷೆ ಮಾಡಿ ಎನ್ನುತ್ತದೆ ಅದು. ದೌರ್ಜನ್ಯಕ್ಕೊಳಗಾದ ನೂರು ಮಕ್ಕಳಲ್ಲಿ 95 ಮಕ್ಕಳನ್ನು ಇದು ಹಿಡಿಯಿತು. ಅಪಘಾತದ ಗಾಯವಿದ್ದ ನೂರರಲ್ಲಿ 87 ಮಕ್ಕಳನ್ನು ಸರಿಯಾಗಿ ಬಿಟ್ಟಿತು. ಉಳಿದ 13 ಮಕ್ಕಳ ಮನೆಯವರು? ಅವರಿಗಾಗಿಯೇ ಮುಂದಿನ ಹಂತಗಳಿವೆ. ಈ ನಿಯಮ ಬಾಗಿಲು ತಟ್ಟುತ್ತದೆ, ಅಷ್ಟೇ. ಅದನ್ನೇ ತೀರ್ಪು ಎಂದುಕೊಂಡವರಿಂದ ಅದಕ್ಕೆ ಕೆಟ್ಟ ಹೆಸರು ಬಂದಿದೆ.

ಮುಂದಿನ ಹಂತ ಎಂದರೆ ತಲೆಯಿಂದ ಪಾದದವರೆಗೆ ಸುಮಾರು 20 ಎಕ್ಸ್-ರೇ ಚಿತ್ರಗಳು, ರಕ್ತ ಹೆಪ್ಪುಗಟ್ಟುವ ಶಕ್ತಿಯ ಪರೀಕ್ಷೆ, ಅಗತ್ಯವಿದ್ದರೆ ತಲೆಯ ಸ್ಕ್ಯಾನ್. ಪಕ್ಕೆಲುಬು ಬೆನ್ನುಮೂಳೆಗೆ ಕೂಡುವ ಜಾಗದಲ್ಲಿ ಬಿರುಕಿದೆಯೇ ಎಂದು ವಿಶೇಷವಾಗಿ ಹುಡುಕುತ್ತಾರೆ. ಎದೆಗೂಡನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಹಿಂಡಿದರೆ ಪಕ್ಕೆಲುಬು ಸನ್ನೆಕೋಲಿನಂತೆ ಬಾಗಿ ಅಲ್ಲೇ ಬಿರಿಯುತ್ತದೆ. ತಾಜಾ ಬಿರುಕು ಚಿತ್ರದಲ್ಲಿ ಕಾಣದೇ ಹೋಗಬಹುದು. ಎರಡು ವಾರ ಕಳೆದು ಮತ್ತೆ ತೆಗೆದರೆ, ಅಷ್ಟರಲ್ಲಿ ಸುತ್ತ ಹೊಸ ಮೂಳೆ ಬೆಳೆದಿರುವುದರಿಂದ ಅದು ಎದ್ದು ಕಾಣುತ್ತದೆ. ಆ ಎರಡು ವಾರ ಮಗು ಯಾರ ಬಳಿ ಇರಬೇಕು ಎಂಬ ನಿರ್ಧಾರ ಮಾತ್ರ ಕಾಯುವುದಿಲ್ಲ, ಅದು ಅದೇ ದಿನ ಆಗಬೇಕು. ವೈದ್ಯಕೀಯದ ಗಡಿಯಾರಕ್ಕೂ ಆಡಳಿತದ ಗಡಿಯಾರಕ್ಕೂ ಇರುವ ಈ ಅಂತರದಲ್ಲೇ ಬಹಳಷ್ಟು ಕುಟುಂಬಗಳ ಗೋಳು ಇರುವುದು.

ಇಲ್ಲಿ ಇನ್ನೊಂದು ಮಾತು. ಕಲೆಯ ಬಣ್ಣ ನೋಡಿ ‘ಇದು ಮೂರು ದಿನದ ಹಿಂದಿನದು’ ಎಂದು ಹೇಳುವ ಪದ್ಧತಿ ಬಹುಕಾಲ ನಡೆದಿತ್ತು. ನೀಲಿ, ಹಸಿರು, ಹಳದಿ ಎಂದು ದಿನಗಳ ಪಟ್ಟಿಯೇ ಇತ್ತು. 2005ರ ಒಂದು ಪರಾಮರ್ಶೆ ಲಭ್ಯ ಪುರಾವೆಗಳನ್ನೆಲ್ಲ ತೂಗಿ, ಬಣ್ಣದಿಂದ ಗಾಯದ ವಯಸ್ಸು ಹೇಳಲಾಗದು ಎಂದಿತು. ಆ ದಿನ ಮನೆಯಲ್ಲಿ ಯಾರಿದ್ದರು ಎಂದು ಹಿಡಿಯಲು ಈ ಬಣ್ಣದ ಲೆಕ್ಕವನ್ನೇ ಬಳಸುತ್ತಿದ್ದರು ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಕಾಯಿಲೆಯೇ ವೇಷ ತೊಟ್ಟು ಬಂದಾಗ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಕ್ಷೇತ್ರಕ್ಕೆಂದೇ ಹುಟ್ಟಿದಂತಿದೆ. ಹುಟ್ಟಿನಿಂದಲೇ ಮೂಳೆ ಗಾಜಿನಂತಿರುವ ಕಾಯಿಲೆ ಇದೆ, ಮೂಳೆ ಮೆತ್ತಗಾಗುವ ರಿಕೆಟ್ಸ್ ಇದೆ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಇದೆ, ಹಾಗೆಯೇ ರಕ್ತ ಸೋರಿಸುವ ವಿಟಮಿನ್ ಕೆ ಕೊರತೆ ಇದೆ. ಕೂಸಿನ ಬೆನ್ನು, ಪೃಷ್ಠದ ಮೇಲೆ ಹುಟ್ಟುಮಚ್ಚೆಯಾಗಿಯೇ ಇರುವ ನೀಲಿ ಛಾಯೆಯನ್ನು ಪೆಟ್ಟಿನ ಗುರುತು ಎಂದು ಬರೆದವರಿದ್ದಾರೆ.

ಎಲ್ಲಕ್ಕಿಂತ ಮನ ಕಲಕುವುದು ಅಮೆರಿಕದ ಮಿಸೌರಿಯಲ್ಲಿ 1989ರಲ್ಲಿ ನಡೆದ ಪ್ರಕರಣ. ವಾಂತಿ, ಉಸಿರಾಟದ ಕಷ್ಟದಿಂದ ಆಸ್ಪತ್ರೆ ಸೇರಿದ ಕೂಸಿನ ರಕ್ತದಲ್ಲಿ ಎಥಿಲೀನ್ ಗ್ಲೈಕಾಲ್ ಇದೆ ಎಂದು ಪ್ರಯೋಗಾಲಯ ಹೇಳಿತು. ಅದು ಕಾರಿನ ರೇಡಿಯೇಟರಿಗೆ ಹಾಕುವ ದ್ರವದಲ್ಲಿರುವ ವಿಷ. ಮಗುವನ್ನು ತಾಯಿಯಿಂದ ಬೇರೆ ಮಾಡಿದರು. ಒಂದು ದಿನ ನೋಡಲು ಬಂದ ತಾಯಿ ಬಾಟಲಿಯಲ್ಲಿ ಹಾಲು ಕುಡಿಸಿ ಹೋದಳು. ಮಗು ಮತ್ತೆ ಹದಗೆಟ್ಟು ಸತ್ತುಹೋಯಿತು. ತಾಯಿಯ ಮೇಲೆ ಕೊಲೆಯ ಆರೋಪ ಬಂತು. ಜೈಲು ಸೇರಿದಾಗ ಅವಳು ಗರ್ಭಿಣಿ. ಹುಟ್ಟಿದ ಎರಡನೇ ಮಗುವನ್ನು ಕೂಡಲೇ ಬೇರೆಯವರ ಪಾಲನೆಗೆ ಕೊಟ್ಟರು. ಅವಳ ಕೈಗೇ ಸಿಗದ ಆ ಮಗುವಿಗೂ ಅದೇ ಲಕ್ಷಣಗಳು ಕಾಣಿಸಿಕೊಂಡವು! ಪರೀಕ್ಷಿಸಿದರೆ ಮೀಥೈಲ್‌ಮಲೋನಿಕ್ ಅಸಿಡೀಮಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ಆದರೂ ವಿಚಾರಣೆ ನಡೆದು ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ಮೊದಲ ಮಗುವಿನ ರಕ್ತವನ್ನು ಬೇರೆ ವಿಜ್ಞಾನಿಗಳು ಮತ್ತೆ ಪರೀಕ್ಷಿಸಿದಾಗ, ಆ ಕಾಯಿಲೆಯಲ್ಲಿ ಮೈಯಲ್ಲೇ ಹುಟ್ಟುವ ಪ್ರೊಪಿಯೋನಿಕ್ ಆಮ್ಲವನ್ನು ಪ್ರಯೋಗಾಲಯ ವಿಷವೆಂದು ಓದಿದ್ದು ಹೊರಬಿತ್ತು. 1991ರಲ್ಲಿ ಆರೋಪ ಕೈಬಿಟ್ಟರು.

ಇಲ್ಲಿ ಒಬ್ಬರದಲ್ಲ, ಒಂದಕ್ಕೊಂದು ಹೆಣೆದ ತಪ್ಪು. ಪ್ರಯೋಗಾಲಯದ ಕಾಗದ ಬಂದ ಮೇಲೆ ಬೇರೆ ಕಾಯಿಲೆ ಇರಬಹುದೇ ಎಂದು ಯಾರೂ ಹುಡುಕಲಿಲ್ಲ. ತಾಯಿ ಬಂದುಹೋದ ಮೇಲೆ ಮಗು ಹದಗೆಟ್ಟಿತು ಎಂಬುದು ಪುರಾವೆಯಂತೆ ಕಂಡಿತು.

ಕೈ ತಪ್ಪಿಹೋದ ಮಕ್ಕಳು

ಇಷ್ಟು ಓದಿ, ಹಾಗಾದರೆ ಡಾಕ್ಟರುಗಳು ಸುಮ್ಮಸುಮ್ಮನೆ ಅನುಮಾನಿಸುತ್ತಾರೆ ಎಂಬ ತೀರ್ಮಾನಕ್ಕೆ ಬಂದರೆ ಇನ್ನೊಂದು ಹಳ್ಳಕ್ಕೆ ಬಿದ್ದಂತೆ. ದೌರ್ಜನ್ಯದಿಂದ ತಲೆಗೆ ಪೆಟ್ಟಾದ 173 ಮಕ್ಕಳ ದಾಖಲೆಗಳನ್ನು ನೋಡಿದ 1999ರ ಅಧ್ಯಯನದಲ್ಲಿ, 54 ಮಕ್ಕಳನ್ನು ಮೊದಲ ಭೇಟಿಯಲ್ಲಿ ವೈದ್ಯರು ಗುರುತಿಸಿರಲಿಲ್ಲ. ವಾಂತಿಭೇದಿ, ಜ್ವರ ಎಂದು ಮನೆಗೆ ಕಳಿಸಿದ್ದರು. ಅವರಲ್ಲಿ 15 ಮಕ್ಕಳಿಗೆ ಮತ್ತೆ ಪೆಟ್ಟಾಯಿತು. 2013ರ ಇನ್ನೊಂದು ಅಧ್ಯಯನದಲ್ಲಿ, ದೌರ್ಜನ್ಯ ಖಚಿತವಾದ 200 ಕೂಸುಗಳಲ್ಲಿ ನೂರಕ್ಕೆ 27ಕ್ಕೂ ಹೆಚ್ಚಿನವಕ್ಕೆ ಈ ಮೊದಲೇ ಸಣ್ಣದೊಂದು ಗಾಯ ಆಗಿತ್ತು. ದೌರ್ಜನ್ಯ ಇಲ್ಲ ಎಂದು ತೀರ್ಮಾನವಾದ 101 ಕೂಸುಗಳಲ್ಲಿ ಅಂಥ ಹಿಂದಿನ ಗಾಯ ಒಂದಕ್ಕೂ ಇರಲಿಲ್ಲ. ಕಿವಿಯ ಮೇಲಿನ ಕಾಳಿನಷ್ಟು ಕಲೆಯ ಮುಂದೆ ತರಬೇತಾದ ಕಣ್ಣು ನಿಲ್ಲುವುದು ಇದಕ್ಕೇ.

ಲಂಡನ್ನಿನ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿಯ ಕಥೆ ಬ್ರಿಟನ್ನಿನಲ್ಲಿ ಇಡೀ ಮಕ್ಕಳ ರಕ್ಷಣಾ ವ್ಯವಸ್ಥೆಯನ್ನೇ ಬದಲಿಸಿತು. 1999ರ ಜುಲೈಯಲ್ಲಿ ಮೈತುಂಬ ಗಾಯಗಳೊಂದಿಗೆ ಅವಳು ಆಸ್ಪತ್ರೆಗೆ ಬಂದಾಗ ಮೊದಲು ನೋಡಿದ ವೈದ್ಯರು ದೌರ್ಜನ್ಯವನ್ನು ಶಂಕಿಸಿದ್ದರು. ಹಿರಿಯ ತಜ್ಞರು ಬಂದು ನೋಡಿ ಕಜ್ಜಿ ಎಂದರು. ಅವಳನ್ನು ಮತ್ತೆ, ತನ್ನ ಬಳಿ ಇಟ್ಟುಕೊಂಡಿದ್ದ ಅಜ್ಜಿ ವರಸೆಯ ಸಂಬಂಧಿಕಳ ಜೊತೆಗೇ ಕಳಿಸಲಾಯಿತು. 2000ದ ಫೆಬ್ರುವರಿಯಲ್ಲಿ ಅವಳು ಸತ್ತಾಗ ದೇಹದ ಮೇಲೆ 128 ಗಾಯಗಳಿದ್ದವು. ಆ ಸಂಬಂಧಿಕಳಿಗೆ ಮತ್ತು ಅವಳ ಸಂಗಾತಿಗೆ ಕೊಲೆಗಾಗಿ ಶಿಕ್ಷೆಯಾಯಿತು. ಕಜ್ಜಿಯೂ ಇತ್ತೆನ್ನಿ; ಒಂದು ಕಾಯಿಲೆ ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಿದ್ದು ತಪ್ಪಾಯಿತು. ಮಿಸೌರಿಯಲ್ಲಿ ವಿಷ ಎಂದು ನಿಲ್ಲಿಸಿದರು, ಲಂಡನ್ನಿನಲ್ಲಿ ಕಜ್ಜಿ ಎಂದು ನಿಲ್ಲಿಸಿದರು. ದೋಷ ಒಂದೇ, ದಿಕ್ಕು ಬೇರೆ.

ಅಲುಗಾಟದ ವಾದ

ಈಗ ಟೆಕ್ಸಾಸ್‌ಗೆ ಹತ್ತಿರದ ವಿಷಯ. 1971ರಲ್ಲಿ ಬ್ರಿಟಿಷ್ ನರಶಸ್ತ್ರವೈದ್ಯ ನಾರ್ಮನ್ ಗಥ್ಕೆಲ್ಚ್, ತಲೆಯ ಹೊರಗೆ ಪೆಟ್ಟಿನ ಗುರುತೇ ಇಲ್ಲದ ಕೂಸುಗಳಲ್ಲಿ ಮಿದುಳಿನ ಹೊದಿಕೆಯಡಿ ರಕ್ತಸ್ರಾವ ಆಗುವುದಕ್ಕೆ ಜೋರಾಗಿ ಅಲುಗಾಡಿಸಿದ್ದು ಕಾರಣ ಇರಬಹುದು ಎಂದರು. ಕ್ರಮೇಣ ಈ ‘ಇರಬಹುದು’ ಗಟ್ಟಿಯಾಯಿತು. ಹೊದಿಕೆಯಡಿ ರಕ್ತ, ಕಣ್ಣಿನ ರೆಟಿನಾದಲ್ಲಿ ರಕ್ತ, ಮಿದುಳಿನ ಊತ ಎಂಬ ಮೂರು ಲಕ್ಷಣ ಕೂಡಿದರೆ ‘ಶೇಕನ್ ಬೇಬಿ ಸಿಂಡ್ರೋಮ್’ ಎನ್ನುವ ಮಾತು ನ್ಯಾಯಾಲಯಗಳಲ್ಲಿ ಬೇರೂರಿತು. ಲಕ್ಷಣ ಅಲುಗಾಡಿಸಿದ ಕೂಡಲೇ ಕಾಣಿಸುತ್ತದೆ, ಆದ್ದರಿಂದ ಕೊನೆಗೆ ಮಗುವಿನ ಬಳಿ ಇದ್ದವರೇ ತಪ್ಪಿತಸ್ಥರು ಎಂಬ ಸರಪಳಿಯೂ ಸೇರಿತು. ನೋಡಿ, ಗಾಯದಿಂದ ನೇರ ವ್ಯಕ್ತಿಗೆ ಜಿಗಿದದ್ದು ಇಲ್ಲಿ.

ಆಮೇಲೆ ಸರಪಳಿಯ ಕೊಂಡಿಗಳು ಸಡಿಲಾದವು. 2008ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನದಲ್ಲಿ, ಯಾವ ತೊಂದರೆಯೂ ಇಲ್ಲದ 101 ನವಜಾತ ಶಿಶುಗಳ ಪೈಕಿ 46ರಲ್ಲಿ ಹೆರಿಗೆಯ ಒತ್ತಡದಿಂದಲೇ ಹೊದಿಕೆಯಡಿ ಸ್ವಲ್ಪ ರಕ್ತ ಇತ್ತು, ಅದು ಮೂರು ತಿಂಗಳೊಳಗೆ ಕರಗಿತು. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೆಸರನ್ನೇ ಬದಲಿಸಿ ‘ದೌರ್ಜನ್ಯದಿಂದಾದ ತಲೆಪೆಟ್ಟು’ ಎಂದು ಕರೆಯಲು ಸೂಚಿಸಿತು. ಇಳಿವಯಸ್ಸಿನಲ್ಲಿ ಗಥ್ಕೆಲ್ಚ್ ಅವರೇ ತಮ್ಮ ಊಹೆಯನ್ನು ಇಷ್ಟು ದೂರ ಎಳೆದದ್ದಕ್ಕೆ ಆತಂಕ ವ್ಯಕ್ತಪಡಿಸಿದರು. 2016ರಲ್ಲಿ ಸ್ವೀಡನ್ನಿನ ಸರ್ಕಾರಿ ಮೌಲ್ಯಮಾಪನ ಸಂಸ್ಥೆ ಸಂಬಂಧಪಟ್ಟ 30 ಅಧ್ಯಯನಗಳನ್ನು ತೂಗಿ, 28ರ ಗುಣಮಟ್ಟ ಕಡಿಮೆ, ಎರಡರದ್ದು ಮಧ್ಯಮ, ಒಳ್ಳೆಯ ಗುಣಮಟ್ಟದ್ದು ಒಂದೂ ಇಲ್ಲ ಎಂದಿತು. ಅದರ ಮುಖ್ಯ ಆಕ್ಷೇಪ ಸುತ್ತು ತರ್ಕದ ಬಗ್ಗೆ: ಮೂರು ಲಕ್ಷಣ ಇದ್ದದ್ದರಿಂದ ದೌರ್ಜನ್ಯ ಎಂದು ವರ್ಗೀಕರಿಸಿದ ಮಕ್ಕಳನ್ನೇ ತೆಗೆದುಕೊಂಡು, ದೌರ್ಜನ್ಯವಾದವರಲ್ಲಿ ಮೂರು ಲಕ್ಷಣ ಇರುತ್ತವೆ ಎಂದು ಸಾಬೀತು ಮಾಡಿದಂತಾಗಿದೆ.

ಮಕ್ಕಳ ವೈದ್ಯರ ಸಂಘಗಳು ಇದನ್ನು ಒಪ್ಪಲಿಲ್ಲ. ಮೂರು ಲಕ್ಷಣ ನೋಡಿ ಯಾವ ಜವಾಬ್ದಾರಿಯುತ ವೈದ್ಯರೂ ತೀರ್ಮಾನಿಸುವುದಿಲ್ಲ, ಪಕ್ಕೆಲುಬು, ಕುತ್ತಿಗೆಯ ಕಟ್ಟುಗಳು, ಚರ್ಮ, ಮನೆಯವರ ಹೇಳಿಕೆ ಎಲ್ಲವನ್ನೂ ಸೇರಿಸಿ ನೋಡುತ್ತಾರೆ; ಹಾಗೆ ನೋಡಿದಾಗ ಅಲುಗಾಡಿಸಿದ್ದರಿಂದ ಮಿದುಳಿಗೆ ಹಾನಿಯಾಗುವುದು ನಿಜ; ಸ್ವೀಡನ್ನಿನ ಸಂಸ್ಥೆ ತೀರ ಕಿರಿದಾದ ಪ್ರಶ್ನೆ ಕೇಳಿಕೊಂಡಿತು ಎಂದು 2018ರ ಹೊತ್ತಿಗೆ ಹಲವು ದೇಶಗಳ ಸಂಘಗಳು ಕೂಡಿ ಹೇಳಿದವು. ನನ್ನ ಎಣಿಕೆಯಲ್ಲಿ ಎರಡೂ ಕಡೆಯವರು ಬೇರೆ ಬೇರೆ ಕೊಠಡಿಯ ಬಗ್ಗೆ ಮಾತಾಡುತ್ತಿದ್ದಾರೆ. ಒಳ್ಳೆಯ ಆಸ್ಪತ್ರೆಯಲ್ಲಿ ಇಂದು ನಡೆಯುವ ತಪಾಸಣೆಯ ಬಗ್ಗೆ ವೈದ್ಯರು ಹೇಳುವುದು ಸರಿ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಸಾಕ್ಷಿಕಟ್ಟೆಯಲ್ಲಿ ಮೂರೇ ಲಕ್ಷಣದ ಮೇಲೆ ನುಡಿದ ಸಾಕ್ಷ್ಯದ ಬಗ್ಗೆ ಟೀಕಾಕಾರರು ಹೇಳುವುದೂ ಸರಿ. ಆ ಸಾಕ್ಷ್ಯದಿಂದ ಜೈಲು ಸೇರಿದವರು ಇನ್ನೂ ಅಲ್ಲಿದ್ದಾರೆ.

‘ಏನೂ ಕಾಣಲಿಲ್ಲ’ ಎಂದರೆ

ಲೈಂಗಿಕ ದೌರ್ಜನ್ಯದಲ್ಲಿ ಸಮಸ್ಯೆ ತಿರುಗುಮುರುಗು. ದೇಹದ ಪರೀಕ್ಷೆಯಲ್ಲಿ ಗುರುತು ಸಿಗಬೇಕು ಎಂದು ಪೊಲೀಸರೂ ಮನೆಯವರೂ ಕಾಯುತ್ತಾರೆ. 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಪರೀಕ್ಷೆಗೆ ಕಳಿಸಿದ 2,384 ಮಕ್ಕಳಲ್ಲಿ ನೂರಕ್ಕೆ ನಾಲ್ಕು ಮಕ್ಕಳಲ್ಲಿ ಮಾತ್ರ ಅಸಹಜವಾದದ್ದು ಕಂಡಿತ್ತು. ಜನನಾಂಗದ ಭಾಗದ ಅಂಗಾಂಶ ಬೇಗ ಮಾಯುತ್ತದೆ. ಬಹಳಷ್ಟು ಕೃತ್ಯಗಳು ಗಾಯವನ್ನೇ ಮಾಡುವುದಿಲ್ಲ. ಗರ್ಭಿಣಿಯರಾಗಿದ್ದ 36 ಹದಿಹರೆಯದವರನ್ನು ಪರೀಕ್ಷಿಸಿದ 2004ರ ಅಧ್ಯಯನದಲ್ಲೂ ಇಬ್ಬರಲ್ಲಿ ಮಾತ್ರ ಖಚಿತ ಗುರುತು ಸಿಕ್ಕಿತು. ಹೀಗಾಗಿ ‘ಪರೀಕ್ಷೆ ಸಹಜವಾಗಿದೆ’ ಎಂಬ ವರದಿ ಮಗುವಿನ ಮಾತನ್ನು ಸುಳ್ಳು ಮಾಡುವುದಿಲ್ಲ. ಇದನ್ನು ವರದಿಯಲ್ಲೇ ಒಂದು ಸಾಲು ಬರೆಯದಿದ್ದರೆ ಮುಂದೆ ಅದೇ ಕಾಗದ ಆರೋಪಿಯ ಗುರಾಣಿಯಾಗುತ್ತದೆ.

ಉಲ್ಟಾ ತಪ್ಪು ನಡೆದದ್ದು 1987ರಲ್ಲಿ, ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್‌ನಲ್ಲಿ. ಗುದದ್ವಾರ ತಾನಾಗಿ ಅಗಲವಾಗುವ ಒಂದು ಚಿಹ್ನೆಯನ್ನು ಬಹುವಾಗಿ ನೆಚ್ಚಿ ಇಬ್ಬರು ಮಕ್ಕಳ ವೈದ್ಯರು ಕೆಲವೇ ತಿಂಗಳಲ್ಲಿ 121 ಮಕ್ಕಳಲ್ಲಿ ಲೈಂಗಿಕ ದೌರ್ಜನ್ಯ ಎಂದರು. ಮಕ್ಕಳನ್ನು ಮನೆಗಳಿಂದ ಕರೆದೊಯ್ದರು, ವಾರ್ಡುಗಳು ತುಂಬಿದವು. ಹೆಚ್ಚಿನ ಮಕ್ಕಳು ಕೊನೆಗೆ ಮನೆಗೆ ಮರಳಿದರು. ಮುಂದಿನ ವರ್ಷದ ತನಿಖಾ ವರದಿ, ಒಂದೇ ದೈಹಿಕ ಚಿಹ್ನೆಯ ಮೇಲೆ ನಿಲ್ಲಬಾರದೆಂದೂ ಮಗುವನ್ನು ಮನುಷ್ಯನಂತೆ ಕಾಣಬೇಕೆಂದೂ ಹೇಳಿತು.

ಮೂರು ವರ್ಷದ ಪಾಠ

ಅಮೆರಿಕದಲ್ಲಿ ಈ ಶಾಖೆಗೆ ಬರಬೇಕಾದರೆ ಮಕ್ಕಳ ತಜ್ಞತೆ ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಕಲಿಯಬೇಕು. ಗಾಯ ಗುರುತಿಸುವುದು ಅದರಲ್ಲಿ ಒಂದು ಭಾಗ. ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವುದು, ‘ಅಪ್ಪ ಹೊಡೆದನಾ?’ ಎಂದು ಬಾಯಿಗೆ ಮಾತು ತುರುಕದೆ ‘ಏನಾಯಿತು ಹೇಳು’ ಎಂದು ಕೇಳುವುದು, ಮಗುವಿನ ಮಾತನ್ನು ಅದರದ್ದೇ ಪದಗಳಲ್ಲಿ ಬರೆದಿಡುವುದು, ಎಷ್ಟು ಎತ್ತರದಿಂದ ಬಿದ್ದರೆ ಎಂಥ ಮುರಿತ ಆಗಬಹುದು ಎಂದು ತೂಗುವುದು, ತನ್ನ ತೀರ್ಮಾನವನ್ನು ಸಹೋದ್ಯೋಗಿಗಳ ಮುಂದಿಟ್ಟು ತರಾಟೆಗೆ ಒಡ್ಡಿಕೊಳ್ಳುವುದು ಇವೆಲ್ಲ ಇವೆ.

ಪದ ಆರಿಸುವುದೂ ಪಾಠವೇ. ವರದಿಗಳಲ್ಲಿ ಅತಿ ಹೆಚ್ಚು ಬರುವ ಮಾತು ‘ದೌರ್ಜನ್ಯಕ್ಕೆ ಹೊಂದಿಕೆಯಾಗುತ್ತದೆ’. ವೈದ್ಯರ ಮನಸ್ಸಿನಲ್ಲಿ ಅದರರ್ಥ, ಹಾಗೂ ಆಗಿರಬಹುದು, ಬೇರೆಯೂ ಇರಬಹುದು. ನ್ಯಾಯಾಧೀಶರ ಕಿವಿಗೆ ಅದು ‘ದೌರ್ಜನ್ಯವೇ’ ಎಂದು ಕೇಳಿಸುತ್ತದೆ. ಇನ್ನು ಅಂಕಿಸಂಖ್ಯೆ. ಇಂಗ್ಲೆಂಡಿನ ವಕೀಲೆ ಸ್ಯಾಲಿ ಕ್ಲಾರ್ಕ್ ತನ್ನ ಎರಡು ಕೂಸುಗಳನ್ನು ಕೊಂದಳೆಂಬ ವಿಚಾರಣೆಯಲ್ಲಿ, 1999ರಲ್ಲಿ, ಹೆಸರಾಂತ ಮಕ್ಕಳ ತಜ್ಞರೊಬ್ಬರು ಅಂಥ ಮನೆಯಲ್ಲಿ ಎರಡು ಹಠಾತ್ ಸಾವು ಸಹಜವಾಗಿ ಆಗುವ ಸಂಭವ 7.3 ಕೋಟಿಗೆ ಒಂದು ಎಂದರು. ಒಂದು ಸಾವಿನ ಸಂಭವವಾದ 8,543ರಲ್ಲಿ ಒಂದನ್ನು ಅದರಿಂದಲೇ ಗುಣಿಸಿದ್ದರು, ಒಂದೇ ಮನೆಯ ಮಕ್ಕಳಿಗೆ ಒಂದೇ ಆನುವಂಶಿಕ ದೋಷ ಇರಬಹುದೆಂಬುದನ್ನು ಬಿಟ್ಟು. ಎರಡನೇ ಮಗುವಿನ ಮೈಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಬಹಿರಂಗಪಡಿಸಿರಲಿಲ್ಲ. 2003ರಲ್ಲಿ ಶಿಕ್ಷೆ ರದ್ದಾಯಿತು. ಆ ತಜ್ಞರಿಗೆ ಮಕ್ಕಳ ವೈದ್ಯಕೀಯ ತಿಳಿಯದೆ ಇರಲಿಲ್ಲ. ತನ್ನದಲ್ಲದ ವಿದ್ಯೆಯಲ್ಲಿ ಮಾತಾಡಿದರು.

ಕಿವಿಗೆ ಮೊದಲೇ ಬಿದ್ದ ಮಾತು

ಗಾಯ ನೋಡುವ ಮುನ್ನವೇ ‘ಜೊತೆಗಿದ್ದವನು ತಾಯಿಯ ಗೆಳೆಯ’ ಎಂದು ನರ್ಸ್ ಹೇಳಿದರೆ? 2021ರ ಪ್ರಯೋಗವೊಂದರಲ್ಲಿ 133 ವಿಧಿವಿಜ್ಞಾನ ವೈದ್ಯರಿಗೆ ಒಂದೇ ವೈದ್ಯಕೀಯ ವಿವರ ಕೊಟ್ಟರು. ಒಂದು ಗುಂಪಿಗೆ ಮಗು ಬಿಳಿಯ, ನೋಡಿಕೊಳ್ಳುತ್ತಿದ್ದವಳು ಅಜ್ಜಿ ಎಂದರು. ಇನ್ನೊಂದಕ್ಕೆ ಮಗು ಕಪ್ಪುವರ್ಣದ್ದು, ಇದ್ದವನು ತಾಯಿಯ ಗೆಳೆಯ ಎಂದರು. ಎರಡನೇ ಗುಂಪು ಕೊಲೆ ಎಂದು ಹೇಳಿದ್ದು ಹೆಚ್ಚು. ಮನೆಯ ಹಿನ್ನೆಲೆ ಉಪಯುಕ್ತ ಮಾಹಿತಿ, ಅದನ್ನು ಪೂರ್ವಗ್ರಹ ಎನ್ನುವುದು ಅನ್ಯಾಯ ಎಂದು ಆ ವೃತ್ತಿಯವರು ಜೋರಾಗಿ ಪ್ರತಿಭಟಿಸಿದರು. ಹಿಂದೆ ಹೇಳಿದ 173 ಮಕ್ಕಳ ಅಧ್ಯಯನದಲ್ಲಿ ವೈದ್ಯರ ಕಣ್ಣು ತಪ್ಪಿದ್ದು ಹೆಚ್ಚಾಗಿ ಯಾರ ವಿಷಯದಲ್ಲಿ? ಬಿಳಿಯರ, ಅಪ್ಪ ಅಮ್ಮ ಇಬ್ಬರೂ ಇದ್ದ ಮನೆಗಳ ಮಕ್ಕಳ ವಿಷಯದಲ್ಲಿ. ಪೂರ್ವಗ್ರಹ ಒಬ್ಬರನ್ನು ಸುಮ್ಮನೆ ಜೈಲಿಗೆ ಕಳಿಸಬಹುದು, ಇನ್ನೊಂದು ಮಗುವನ್ನು ಸುಮ್ಮನೆ ಮನೆಗೆ ಕಳಿಸಬಹುದು.

ರಾಬರ್ಸನ್ ಆಸ್ಪತ್ರೆಯಲ್ಲಿ ಅಳಲಿಲ್ಲ, ಭಾವವೇ ಇಲ್ಲದವನಂತಿದ್ದ ಎಂಬುದು ಅಂದು ಅವನ ವಿರುದ್ಧ ನಿಂತ ಮಾತುಗಳಲ್ಲಿ ಒಂದು. ಅವನಿಗೆ ಆಟಿಸಂ ಇದೆ ಎಂದು ತಿಳಿದದ್ದು 2018ರಲ್ಲಿ.

ಪೋಷಕರ ಪರ ಸಂಘಟನೆಗಳ ಇನ್ನೊಂದು ದೂರಿಗೆ ಸರಿಯಾದ ಉತ್ತರ ಸಿಕ್ಕಿಲ್ಲ. ಬಿಳಿ ಕೋಟು ತೊಟ್ಟು ಬಂದು ಅಕ್ಕರೆಯಿಂದ ವಿಚಾರಿಸುವ ಡಾಕ್ಟರು ಮಗುವಿಗೆ ಚಿಕಿತ್ಸೆ ಕೊಡುವವರೆಂದು ತಾಯ್ತಂದೆ ನಂಬುತ್ತಾರೆ. ಅವರಾಡಿದ ಮಾತು ಮಕ್ಕಳ ರಕ್ಷಣಾ ಇಲಾಖೆಯ ಕಡತ ಸೇರುತ್ತದೆ. ‘ನಾನು ಬಂದಿರುವುದು ಇಂಥ ಕೆಲಸಕ್ಕೆ’ ಎಂದು ಮೊದಲೇ ಹೇಳುವುದು ಕಡ್ಡಾಯವಾಗಬೇಕೆಂಬ ಬೇಡಿಕೆ ನ್ಯಾಯವಾಗಿಯೇ ಇದೆ. ಹಾಗೆ ಹೇಳಿದರೆ ಮನೆಯವರು ಬಾಯಿ ಬಿಡುವುದಿಲ್ಲ, ಕಾಯಿಲೆ ಪತ್ತೆಗೆ ಬೇಕಾದ ವಿವರವೂ ಸಿಗುವುದಿಲ್ಲ ಎಂಬ ವೈದ್ಯರ ಅಳುಕನ್ನೂ ತಳ್ಳಿಹಾಕಲಾಗದು.

ಮುಂದೇನು

ನ್ಯಾಯಾಲಯಗಳು ಹಳೆಯ ಸಾಕ್ಷ್ಯವನ್ನು ಕೆದಕುತ್ತಾ ಹೋದಂತೆ ಎರಡು ಪರಿಣಾಮಗಳು ಕಾಣುತ್ತವೆ. ಒಂದು, ಎರಡನೇ ಅಭಿಪ್ರಾಯದ ಹಕ್ಕು. ಟೆಕ್ಸಾಸ್ 2021ರಲ್ಲಿ ಈ ದಿಕ್ಕಿನಲ್ಲಿ ಕಾನೂನು ಮಾಡಿದೆ. ಆದರೆ ಇಡೀ ಅಮೆರಿಕದಲ್ಲಿ ಈ ಶಾಖೆಯ ತಜ್ಞರು ಕೆಲವು ನೂರು ಮಂದಿ. ಎಲ್ಲರಿಗೂ ಎಲ್ಲರ ಪರಿಚಯ. ಅದೇ ಶಾಲೆಯಲ್ಲಿ ಕಲಿತವರ ಎರಡನೇ ಅಭಿಪ್ರಾಯ ಎಷ್ಟು ಸ್ವತಂತ್ರ ಎಂದು ಪೋಷಕರು ಕೇಳುತ್ತಾರೆ. ಮೂಳೆ, ರಕ್ತ, ಆನುವಂಶಿಕ ಕಾಯಿಲೆಗಳ ತಜ್ಞರನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳುವ ತಂಡ ಇದಕ್ಕೆ ಉತ್ತಮ ದಾರಿ, ದುಬಾರಿಯೂ ಹೌದು. ಎರಡು, ಹಿಂಜರಿಕೆ. ಕ್ಲಾರ್ಕ್ ಪ್ರಕರಣದ ತಜ್ಞರ ಮೇಲೆ ಶಿಸ್ತುಕ್ರಮ ನಡೆದ ವರ್ಷಗಳಲ್ಲಿ ಬ್ರಿಟನ್ನಿನ ಅನೇಕ ಮಕ್ಕಳ ವೈದ್ಯರು ಈ ಕೆಲಸದಿಂದಲೇ ದೂರ ಸರಿಯತೊಡಗಿದ್ದರು. ತಜ್ಞರು ಸರಿದರೆ ಅನುಮಾನ ಸರಿಯುವುದಿಲ್ಲ. ಅರೆಬರೆ ತಿಳಿದವರೇ ವರದಿ ಬರೆಯುತ್ತಾರೆ.

ಟೆಕ್ಸಾಸ್‌ನಲ್ಲಿ 2013ರಿಂದ ಒಂದು ಕಾನೂನು ಇದೆ. ಶಿಕ್ಷೆಗೆ ಆಧಾರವಾದ ವಿಜ್ಞಾನ ಮುಂದೆ ತಪ್ಪೆಂದು ಕಂಡರೆ ಕೈದಿ ಮತ್ತೆ ನ್ಯಾಯಾಲಯಕ್ಕೆ ಹೋಗಬಹುದು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಇನ್ನೊಬ್ಬನ ಅಲುಗಾಟ ಪ್ರಕರಣದಲ್ಲಿ ಇದೇ ಕಾನೂನಿನಡಿ ಶಿಕ್ಷೆಯನ್ನು ರದ್ದು ಮಾಡಿತು. ಅದನ್ನೇ ಮುಂದಿಟ್ಟು 2025ರಲ್ಲಿ ರಾಬರ್ಸನ್‌ನ ಕಡತವನ್ನು ಕೆಳ ನ್ಯಾಯಾಲಯಕ್ಕೆ ಕಳಿಸಿತು. ಸರ್ಕಾರದ ಕಡೆಯವರು, ಇದು ಅಲುಗಾಟದ ಮೇಲೆ ನಿಂತ ಪ್ರಕರಣವೇ ಅಲ್ಲ, ತಲೆಗೆ ಬಿದ್ದ ಪೆಟ್ಟುಗಳಿವೆ ಎನ್ನುತ್ತಾರೆ. ಕೆಳ ನ್ಯಾಯಾಲಯ ನೋಡಬೇಕಾದದ್ದು ಇಷ್ಟು: 2003ರಲ್ಲಿ ವೈದ್ಯರು ನುಡಿದ ಸಾಕ್ಷ್ಯದಲ್ಲಿ ಎಷ್ಟು ಪಾಲನ್ನು ಇಂದಿನ ವೈದ್ಯರು ಅದೇ ಖಚಿತತೆಯಿಂದ ನುಡಿಯಬಲ್ಲರು, ಉಳಿದ ಪಾಲು ಇಲ್ಲದಿದ್ದರೆ ಅಂದಿನ ಜ್ಯೂರಿ ಅದೇ ತೀರ್ಪು ಕೊಡುತ್ತಿತ್ತೇ.